ನಾಲ್ಕು ವರ್ಷದ ಮಗುವಿಗೆ ಬಳಪದ ಅವಸರ ಯಾಕೆ?

ತಿಪಟೂರು ತಾಲ್ಲೂಕಿನ ಹಳ್ಳಿಯಿಂದ ತಾಯಿಯೊಬ್ಬರು ಬರೆದಿದ್ದಾರೆ: ‘ಮಗಳಿಗೆ ನಾಲ್ಕು ತುಂಬಿದೆ, ಅಂಗನವಾಡಿಗೆ ಹೋಗುತ್ತಾಳೆ. ಪಕ್ಕದ ಮನೆಯ ಹುಡುಗ ಕಾನ್ವೆಂಟಿನ ಎಲ್‌ಕೆಜಿಯಲ್ಲಿ ಅ ಆ ಇ ಈ, ಎ ಬಿ ಸಿ ಡಿ ಎಲ್ಲ ಬರೆಯುತ್ತಾನೆ. ಇವಳಿಗೆ ಬಳಪ ಹಿಡಿಯಲೂ ಬರುವುದಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಒಂದನೇ ತರಗತಿಗೆ ಇವಳನ್ನು ಹೇಗೆ ತಯಾರು ಮಾಡಲಿ? ಶಾಲೆಯಲ್ಲಿ ಬೇಡ ಅಂದುಬಿಟ್ಟರೆ?’

ಅಮ್ಮಾ, ಕೊನೆಯ ಭಯ ಮೊದಲು ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದನೇ ತರಗತಿಗೆ ಸೇರಿಸಿಕೊಳ್ಳುವಾಗ ಮಗುವಿಗೆ ಪರೀಕ್ಷೆ, ತಂದೆತಾಯಿಗೆ ಸಂದರ್ಶನ ಮಾಡುವ ಹಾಗೇ ಇಲ್ಲ.

ಪಕ್ಕದ ಮನೆಯ ಹುಡುಗ ಬರೆಯುತ್ತಾನೆ, ಸರಿ. ಆ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಅಕ್ಷರವನ್ನು ಚಿತ್ರ ಬಿಡಿಸಿದ ಹಾಗೆ ನೋಡಿ ಇಳಿಸುತ್ತಾರೆ. ಅದು ಓದಲ್ಲ. ನಮ್ಮ ಲಿಪಿಯಂತೂ 49 ಅಕ್ಷರಕ್ಕೆ ಮುಗಿಯುವುದಿಲ್ಲ. ‘ಕ’ ಬಂದ ಮೇಲೆ ಕಾಗುಣಿತ, ಅದಾದ ಮೇಲೆ ಒತ್ತಕ್ಷರ. ಶಾಲೆಗೆ ಸೇರಿದ ಮಕ್ಕಳಿಗೂ ಇದಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಕಷ್ಟಪಡಲು ಮಗುವಿಗೂ ಒಂದು ಆಸೆ ಬೇಕಲ್ವಾ? ಪುಸ್ತಕದೊಳಗೆ ಕಥೆ ಇದೆ ಅಂತ ಗೊತ್ತಿದ್ದರೆ ಆಸೆ ತಾನಾಗಿ ಬರುತ್ತದೆ.

ಮಲಗುವ ಮುಂಚೆ ಹತ್ತು ನಿಮಿಷ ಸಾಕು. ಚಿತ್ರ ಜಾಸ್ತಿ ಇರುವ, ಪುಟಕ್ಕೆ ಒಂದೆರಡು ಸಾಲಿನ ಪುಸ್ತಕ ಹಿಡಿಯಿರಿ. ಇದಕ್ಕೆ ನಿಮ್ಮ ಏಳನೇ ಕ್ಲಾಸು ಧಾರಾಳವಾಯಿತು. ಸಾಲಿನ ಕೆಳಗೆ ಬೆರಳಿಟ್ಟು ಓದಿ, ಪುಟ ಅವಳೇ ತಿರುವಲಿ. ನಡುವೆ ನಿಲ್ಲಿಸಿ ‘ಈಗ ನರಿ ಏನು ಮಾಡುತ್ತೆ?’ ಅಂತ ಕೇಳಿ. ಏನು ಹೇಳಿದರೂ ತಿದ್ದಬೇಡಿ. ಅದೇ ಪುಸ್ತಕ ಮತ್ತೆ ಬೇಕು ಅಂತ ಹಟ ಮಾಡುತ್ತಾಳೆ. ಬೇಜಾರಾಗುವುದು ನಿಮಗೆ, ಅವಳಿಗಲ್ಲ. ಸ್ವಲ್ಪ ದಿನಕ್ಕೆ ಒಂದಕ್ಷರವೂ ಬಾರದೆ ಇಡೀ ಕಥೆಯನ್ನು ‘ಓದಿ’ ಹೇಳುತ್ತಾಳೆ. ನಗಬೇಡಿ, ಓದು ಶುರುವಾಗುವುದೇ ಹೀಗೆ. ಅಜ್ಜಿ ಇದ್ದರೆ ಕಾಗಕ್ಕ ಗುಬ್ಬಕ್ಕನನ್ನು ಅವರಿಗೇ ಬಿಡಿ. ಬಳಪದ ವಿಷಯಕ್ಕೆ, ಅವರೆಕಾಯಿ ಸುಲಿಯಲು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆರಳಿಗೆ ಹಿಡಿತ ಬರುತ್ತದೆ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಈಗ ‘ಅರಿವು ಕೇಂದ್ರ’ ಅನ್ನುತ್ತಾರಲ್ಲ, ಅಲ್ಲಿ ಕೇಳಿ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಆರು ವರ್ಷ ದಾಟಿದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಇರುವ ದೊಡ್ಡ ಮಕ್ಕಳಿಂದ ತರಿಸಿಕೊಳ್ಳಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲೂ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಮೊಬೈಲ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಕಥೆ ಮುಗಿಯುವ ಮೊದಲೇ ರೀಲ್ಸ್ ಶುರುವಾಗುತ್ತದೆ.

ಅಂಗನವಾಡಿ ಬಿಡಿಸಬೇಡಿ. 1975ರಲ್ಲಿ ಐಸಿಡಿಎಸ್, ಅಂದರೆ ಅಂಗನವಾಡಿ ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಬಂದಾಗಿನಿಂದಲೂ ಊಟದ ಜೊತೆ ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸ. ಆದರೆ ಮಕ್ಕಳ ತೂಕ, ಗರ್ಭಿಣಿಯರ ಲೆಕ್ಕ, ಸರ್ವೆ, ರಿಜಿಸ್ಟರು ಎಲ್ಲವೂ ಒಬ್ಬ ಟೀಚರ ತಲೆ ಮೇಲಿದೆ. ಅವರನ್ನು ದೂರುವ ಬದಲು ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಕೇಳಿ: ವಾರಕ್ಕೊಮ್ಮೆ ತಾಯಂದಿರು ಸರದಿಯಲ್ಲಿ ಬಂದು ಕಥೆ ಓದಬಹುದಾ? ಬಹುಶಃ ಟೀಚರೇ ಮೊದಲು ಒಪ್ಪುತ್ತಾರೆ. ಪಕ್ಕದ ಮನೆಯ ಹುಡುಗನನ್ನೂ ಕರೆಯಿರಿ.

ಇನ್ನೊಂದು. ಯಜಮಾನರು ಬೆಳಗ್ಗೆ ಪೇಪರು ಪೂರ್ತಿ ಓದಿಯೇ ತೋಟಕ್ಕೆ ಹೋಗುತ್ತಾರೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ರಾತ್ರಿಯ ಹತ್ತು ನಿಮಿಷ ಅವರಿಗೇ ವಹಿಸಿ.