ಬೆಳ್ಳಗಿರುವುದೆಲ್ಲ ಅಲ್ಯೂಮಿನಿಯಂ ಅಲ್ಲ

ಪ್ರಶ್ನೆ: ಸರ್, ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣದಲ್ಲಿ ಏನಿದೆ ಎಂದು ಗ್ರೂಪ್‌ಗಳೆಂಬ ಹಂತಗಳಲ್ಲಿ ಪತ್ತೆ ಮಾಡುವ ಪ್ರಯೋಗ) ಮಾಡುವಾಗ ಮೂರನೇ ಗ್ರೂಪ್‌ನಲ್ಲಿ ಬಿಳಿ ಪ್ರೆಸಿಪಿಟೇಟ್ (ದ್ರಾವಣದಿಂದ ಕರಗದೆ ಬೇರ್ಪಟ್ಟ ಘನ) ಬಂತು. ಅಲ್ಯೂಮಿನಿಯಂ ಎಂದು ಬರೆದೆ. ಆಮೇಲೆ ನೋಡಿದರೆ ಕೊಟ್ಟಿದ್ದು ಮೆಗ್ನೀಸಿಯಂ ಸಲ್ಫೇಟ್! ಕಣ್ಣಾರೆ ಕಂಡಿದ್ದು ಹೇಗೆ ತಪ್ಪಾಯಿತು?
– ವಿದ್ಯಾರ್ಥಿನಿ, ಗದಗ

ಉತ್ತರ: ತಂಗಿ, ನೀನು ಕಂಡಿದ್ದು ಸುಳ್ಳಲ್ಲ. ಬಿಳಿ ಬಂದಿದ್ದು ನಿಜ. ಆದರೆ ಅದು ಬರಬಾರದ ಜಾಗದಲ್ಲಿ ಬಂದಿದೆ. ಒಂದು ಮಾತು ಕೇಳುತ್ತೇನೆ. ಅಮೋನಿಯಂ ಹೈಡ್ರಾಕ್ಸೈಡ್ ಹಾಕುವ ಮೊದಲು ಅಮೋನಿಯಂ ಕ್ಲೋರೈಡ್ ಹಾಕಿದ್ದೆಯಾ? ಹಾಕಿದ್ದರೂ ಸುಮ್ನೆ ನಾಲ್ಕು ಹರಳು ಉದುರಿಸಿರಬೇಕು. ಧಾರವಾಡದ ನಮ್ಮ ಲ್ಯಾಬಿನಲ್ಲಿ ಈ ತಪ್ಪನ್ನು ಪ್ರತಿ ವರ್ಷ ನೋಡುತ್ತೇನೆ.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ಕೆಳಗಿಳಿಯಲು ಪಿಎಚ್ (ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) 5ರ ಹತ್ತಿರ ಬಂದರೆ ಸಾಕು. ಮೆಗ್ನೀಸಿಯಂಗೆ 9ಕ್ಕಿಂತ ಮೇಲೆ ಏರಬೇಕು. ಬರೀ ಅಮೋನಿಯಾ, ಅಂದರೆ ಅದೇ ಅಮೋನಿಯಂ ಹೈಡ್ರಾಕ್ಸೈಡ್, ಸುರಿದರೆ ಪಿಎಚ್ ಅಲ್ಲಿಗೂ ಹೋಗುತ್ತದೆ, ಅದಕ್ಕಿಂತ ಮೇಲೂ ಹೋಗುತ್ತದೆ. ಅಮೋನಿಯಂ ಕ್ಲೋರೈಡ್ ಅದಕ್ಕೆ ಲಗಾಮು ಹಾಕುತ್ತದೆ. ಥಿಯರಿಯಲ್ಲಿ ಕಾಮನ್ ಅಯಾನ್ ಎಫೆಕ್ಟ್ ಓದಿರುತ್ತೀಯಲ್ಲ, ಅದೇ ಇದು. ಅಮೋನಿಯಂ ಅಯಾನು ಮೊದಲೇ ಜಾಸ್ತಿ ಇದ್ದರೆ ಹೈಡ್ರಾಕ್ಸೈಡ್ ಕಡಿಮೆ ಹುಟ್ಟುತ್ತದೆ, ಪಿಎಚ್ ಹೆಚ್ಚು ಏರುವುದಿಲ್ಲ. ಆಗ ಅಲ್ಯೂಮಿನಿಯಂ, ಕಬ್ಬಿಣ, ಕ್ರೋಮಿಯಂ ಮಾತ್ರ ಇಳಿಯುತ್ತವೆ. ಮೆಗ್ನೀಸಿಯಂ ದ್ರಾವಣದಲ್ಲೇ ಉಳಿದು ಆರನೇ ಗ್ರೂಪ್‌ವರೆಗೆ ಬರುತ್ತದೆ. ಅದಕ್ಕೇ ಈ ಕ್ರಮವನ್ನು ನಾನು ಇಷ್ಟು ಒತ್ತಿ ಹೇಳುವುದು. ಅದಕ್ಕಿಂತ ಮೊದಲು ಏನೇನು ಹಾಕಿದೆ ಎಂದು ಗೊತ್ತಿಲ್ಲದಿದ್ದರೆ ಯಾವ ಪ್ರೆಸಿಪಿಟೇಟ್‌ಗೂ ಅರ್ಥವಿಲ್ಲ.

ಟ್ಯೂಬಿನಲ್ಲಿ ಬಿಳಿ ಬಂದ ಮೇಲೆ ಅನುಮಾನ ಬಂದರೆ ಚೆಲ್ಲಬೇಡ. ಅದಕ್ಕೇ ಇನ್ನೆರಡು ಚಮಚೆ ಅಮೋನಿಯಂ ಕ್ಲೋರೈಡ್ ಹಾಕಿ ಚೆನ್ನಾಗಿ ಅಲ್ಲಾಡಿಸು. ಕರಗಿತಾ? ಮೆಗ್ನೀಸಿಯಂ ಇರಬಹುದು. ಅಕ್ಕಿ ಗಂಜಿಯ ತಿಳಿಯ ಹಾಗೆ ಹಾಗೇ ತೇಲುತ್ತಿದೆಯಾ? ಅಲ್ಯೂಮಿನಿಯಂ ಕಡೆ ನೋಡು. ಅದನ್ನು ಸೋಸಿ ತೆಗೆದು ಸೋಡಿಯಂ ಹೈಡ್ರಾಕ್ಸೈಡ್ ಜಾಸ್ತಿ ಹಾಕಿದರೆ ಅಲ್ಯೂಮಿನಿಯಂ ಕರಗುತ್ತದೆ, ಮೆಗ್ನೀಸಿಯಂ ಕರಗುವುದಿಲ್ಲ.

ಇನ್ನೊಂದು ಮಾತು. ಅಮೋನಿಯಂ ಇದೆಯೋ ಇಲ್ಲವೋ ಎಂಬ ಪರೀಕ್ಷೆಯನ್ನು ಮೊದಲೇ, ಮೂಲ ಸಾಲ್ಟಿನ ಮೇಲೇ ಮಾಡು. ಆಮೇಲೆ ನಾವೇ ಅಮೋನಿಯಂ ಸುರಿದಿರುತ್ತೇವೆ, ಅಲ್ವಾ?

ನೀರಿನ ಮೇಲೂ ಕಣ್ಣಿಡು. ನಿಮ್ಮ ಕಡೆ ಬೋರಿನ ನೀರು ಗಡಸು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುತ್ತದಲ್ಲ, ಅದರಲ್ಲಿ ಕ್ಯಾಲ್ಸಿಯಂ ಇದೆ. ಆ ನೀರಿನಲ್ಲಿ ಸಾಲ್ಟ್ ಕರಗಿಸಿದರೆ ಐದನೇ ಗ್ರೂಪ್‌ನಲ್ಲಿ ಇಲ್ಲದ ಕ್ಯಾಲ್ಸಿಯಂ ಸಿಗುತ್ತದೆ. ಡಿಸ್ಟಿಲ್ಡ್ ವಾಟರನ್ನೇ ಬಳಸು.

ಮೆಗ್ನೀಸಿಯಂ ಖಚಿತ ಮಾಡಿಕೊಳ್ಳಲು ಅಮೋನಿಯಂ ಕ್ಲೋರೈಡ್, ಅಮೋನಿಯಾ ಹಾಕಿದ ದ್ರಾವಣಕ್ಕೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಸೇರಿಸು. ತಕ್ಷಣ ಏನೂ ಕಾಣದಿರಬಹುದು. ಗಾಜಿನ ಕಡ್ಡಿಯಿಂದ ಟ್ಯೂಬಿನ ಒಳಗೋಡೆಯನ್ನು ಗೀರಿ, ಹತ್ತು ನಿಮಿಷ ಸುಮ್ಮನೆ ಬಿಡು. ಗೀರಿದ ಗೆರೆಗುಂಟ ಬಿಳಿ ಹರಳು ಮೂಡುತ್ತವೆ.