ಧ್ಯೇಯವಾಕ್ಯ ಬರೆಯುವ ಮುಂಚೆ

ಚರ್ಚಿನ ಪಾಲನಾ ಸಮಿತಿ ಧ್ಯೇಯವಾಕ್ಯ ಬರೆಯೋಕೆ ಹೇಳಿದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಬೈಬಲಿನಲ್ಲಿ ಪ್ರೇಷಿತರ ಕಾರ್ಯಕಲಾಪಗಳು 2:42 ತೆಗೆದು ನೋಡಿ, ಮೊದಲ ಕ್ರೈಸ್ತರು ಏನು ಮಾಡುತ್ತಿದ್ದರು ಅಂತ ಅಲ್ಲಿದೆ. ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ, ಇಷ್ಟೇ. ಮುಂದೆಯೇ ಆಸ್ತಿ ಮಾರಿ ಅಗತ್ಯ ಇದ್ದವರಿಗೆ ಹಂಚಿದ ಮಾತೂ ಇದೆ, ಅದನ್ನು ಮಾತ್ರ ಎಲ್ಲರೂ ಸುಮ್ನೆ ದಾಟಿಬಿಡುತ್ತಾರೆ! 'ಪ್ರೀತಿ, ಸೇವೆ, ಐಕ್ಯತೆ' ಅಂತ ಬರೆದರೆ ಯಾರೂ ಬೇಡ ಅನ್ನಲ್ಲ, ಆದರೆ ಅದರಿಂದ ಏನು ಮಾಡಬೇಕು ಅಂತ ಗೊತ್ತಾಗಲ್ಲ ಅಲ್ವಾ? ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಯಾರು ಒಯ್ಯುತ್ತಾರೆ, ಹೊಸದಾಗಿ ಬಂದು ಕೊನೆ ಬೆಂಚಲ್ಲಿ ಕೂತವರನ್ನು ಪೂಜೆ ಮುಗಿದ ಮೇಲೆ ಯಾರು ಮಾತಾಡಿಸುತ್ತಾರೆ, ಅದನ್ನೇ ಬರೆಯಿರಿ. ಎಲ್ಲವನ್ನೂ ಫಾದರ್ ತಲೆಗೆ ಕಟ್ಟಬೇಡಿ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಈ ಕೆಲಸದಲ್ಲಿ ಪಾಲಿದೆ ಅಂತ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯೇ (1962–65) ಹೇಳಿದೆ. ಕರಡನ್ನು ಯುವಜನರಿಗೂ ಓದಿಸಿ, ಜಾಸ್ತಿ ಉದ್ದ ಬೇಡ.