ಹಳೆಯ ಜಾಡು ಇದ್ದರೆ ದಾಟಬಹುದಾ?

ಹಿಮ ಬಿದ್ದು ಎರಡು ದಿನ ಆಗಿದೆ, ಬಿಸಿಲಿದೆ, ಇಳಿಜಾರಿನಲ್ಲಿ ಬೇರೆಯವರ ಸ್ಕೀ ಜಾಡೂ ಇದೆ, ಬುಲೆಟಿನ್‌ನಲ್ಲಿ ಹಿಮಕುಸಿತದ ಅಪಾಯದ ಮಟ್ಟ ಐದರಲ್ಲಿ 3, ದಾಟಬಹುದಾ ಅಂತ ಕೇಳಿದ್ದೀರಿ.

ಜಾಡನ್ನು ನಂಬಬೇಡಿ. ಐದು ಜನ ದಾಟಿದ ಮೇಲೆ ಆರನೆಯವರ ಕಾಲಡಿ ಹಿಮ ಒಡೆಯಬಹುದು. ಅಪಾಯದ ಮಟ್ಟ ಐದರಲ್ಲಿ ಮೂರು ಅಂದರೆ ಸಾಧಾರಣ ಅಂತ ಅನ್ನಿಸುತ್ತದೆ ಅಲ್ವಾ? ಹಾಗಲ್ಲ, ಸಾವುಗಳು ಆ ಮಟ್ಟದಲ್ಲೂ ಜಾಸ್ತಿಯೇ.

ಮೊದಲು ಇಳಿಜಾರು ಅಳೆಯಿರಿ. ಹಲಗೆಯ ಹಾಗೆ ಒಡೆದು ಜಾರುವ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯಲ್ಲೇ ಆಗುತ್ತವೆ. ನೀವು ಸಮತಟ್ಟಿನಲ್ಲಿದ್ದರೂ ಮೇಲಿನ ಭಾಗ ಒಡೆದು ನಿಮ್ಮ ಮೇಲೆ ಬರಬಹುದು. ಆಕಾಶ ತಿಳಿಯಾಗಿದ್ದರೂ ಗಾಳಿ ಸುಮ್ನೆ ಇರುವುದಿಲ್ಲ, ಹಿಮವನ್ನು ಬೆಟ್ಟದ ಏಣಿನ ಆಚೆ ಬದಿಗೆ ತಂದು ಪೇರಿಸುತ್ತದೆ. ಹೆಜ್ಜೆ ಇಟ್ಟಾಗ ‘ಧುಂ’ ಅಂತ ನೆಲ ಕುಸಿದ ಸದ್ದು ಬಂದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಅಡಿಯ ದುರ್ಬಲ ಪದರ ಕೈಕೊಟ್ಟಿದೆ. ಮಾತೇ ಇಲ್ಲ, ಬಂದ ದಾರಿಯಲ್ಲೇ ವಾಪಸ್.

ಟ್ರಾನ್ಸೀವರ್ (ಹೂತವರನ್ನು ಸಿಗ್ನಲ್ ಮೂಲಕ ಹುಡುಕುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಲಿ. ಹೂತವರು ಬದುಕುವ ಸಾಧ್ಯತೆ ಹತ್ತು-ಹದಿನೈದು ನಿಮಿಷದ ನಂತರ ಸರ್ರನೆ ಇಳಿಯುತ್ತದೆ. ಅಗೆಯಬೇಕಾದವರು ಜೊತೆಗಾರರೇ.

ನಾನಾಗಿದ್ದರೆ 30 ಡಿಗ್ರಿಗಿಂತ ಕಡಿಮೆ ಇರುವ ಬೇರೆ ದಾರಿ ಹುಡುಕುತ್ತಿದ್ದೆ.